ಮಠ ಮರವಾಗದಿರಲಿ: ತೆಳುಗೆರೆಯ ಚೆಂದದ ಅಕ್ಷರವನ್ನು ಆರಿಸುವುದು, ಬಳಸುವುದು

‘ಮಠ’ಕ್ಕೂ ‘ಮರ’ಕ್ಕೂ ನಡುವೆ ಇರುವುದು ಒಂದೇ ಒಂದು ಚುಕ್ಕೆ. ‘ಧನ’ ಹೋಗಿ ‘ದನ’ ಆಗಲು ಕೆಳಗಿನ ಸಣ್ಣ ಸೀಳು ಮುಚ್ಚಿಕೊಂಡರೆ ಸಾಕು. ‘ರಥೋತ್ಸವ’ದ ಥಕಾರಕ್ಕೆ ಚುಕ್ಕೆಯೂ ಬೇಕು, ಸೀಳೂ ಬೇಕು. ಕಲಬುರಗಿ, ಬೀದರ್, ಯಾದಗಿರಿಯ ಪ್ರೆಸ್ಸುಗಳಿಗೆ ಬರುವ ಕೆಲಸವನ್ನೇ ನೋಡಿ: ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಮಠದ ಪುಸ್ತಕ, ತೊಗರಿಬೇಳೆಯ ಚೀಲ, ಮನೆಯ ಹೆಸರಿನ ಕಲ್ಲು. ಎಲ್ಲದರಲ್ಲೂ ಈ ಅಕ್ಷರಗಳು ಬರುತ್ತವೆ, ಎಲ್ಲದಕ್ಕೂ ಗಿರಾಕಿ ಕೇಳುವುದು ‘ಅಕ್ಷರ ಚೆಂದ ಇರಲಿ’ ಎಂದೇ. ಅವರು ಚೆಂದ ಎನ್ನುವುದು ಸಾಮಾನ್ಯವಾಗಿ ದಪ್ಪ ಗೆರೆ ತೆಳುವಾಗುತ್ತ, ತೆಳು ಗೆರೆ ದಪ್ಪವಾಗುತ್ತ ಹರಿಯುವ ಅಕ್ಷರವನ್ನು. ಇಂಗ್ಲಿಷಿನವರು ಸೆರಿಫ್ ಎಂದು ಕರೆಯುವ ಬಗೆಗೆ ಹತ್ತಿರದ್ದನ್ನು. ಅದರ ಅಂದವೆಲ್ಲ ತೆಳುಗೆರೆಯಲ್ಲಿದೆ. ಕೆಡುವುದೂ ಅಲ್ಲಿಂದಲೇ. ಯಾವ ಗಾತ್ರದಲ್ಲಿ, ಯಾವ ಮೈ (ಕಾಗದ, ಚೀಲ, ಕಲ್ಲು) ಮೇಲೆ ಆ ತೆಳುಗೆರೆ ಉಳಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿದರೆ ಫಾಂಟ್ ಆಯ್ಕೆಯ ಬಹುಪಾಲು ಮುಗಿದಂತೆ.

ಪಾದ ಮತ್ತು ತಲೆಕಟ್ಟು

ಲ್ಯಾಟಿನ್ ಲಿಪಿಯಲ್ಲಿ ಗೆರೆ ಮುಗಿಯುವ ಜಾಗದಲ್ಲಿ ಅಡ್ಡಕ್ಕೆ ಚಾಚುವ ಪುಟ್ಟ ಪಾದವೇ ಸೆರಿಫ್. ಅದರ ಚರಿತ್ರೆಯನ್ನು ಕಾಗದದ ಚರಿತ್ರೆ ಎಂದು ಓದಿದರೆ ಬೇಗ ಅರ್ಥವಾಗುತ್ತದೆ. 16ನೇ ಶತಮಾನದ ಪ್ಯಾರಿಸ್ಸಿನಲ್ಲಿ ಕ್ಲೋದ್ ಗಾರಮೋ ಕೊರೆದ ಅಕ್ಷರಗಳಲ್ಲಿ ದಪ್ಪಕ್ಕೂ ತೆಳುವಿಗೂ ಅಂತರ ಕಡಿಮೆ, ಪಾದ ಮೆಲ್ಲಗೆ ಬಾಗಿ ಕಾಂಡಕ್ಕೆ ಕೂಡುತ್ತದೆ. ಆಗಿನ ಕಾಗದ ಒರಟು. ಒದ್ದೆ ಮಾಡಿ ಒತ್ತಬೇಕಿತ್ತು, ಶಾಯಿ ಹರಡುತ್ತಿತ್ತು. ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್ 1757ರಲ್ಲಿ ರೋಮನ್ ಕವಿ ವರ್ಜಿಲ್‌ನ ಪುಸ್ತಕ ಅಚ್ಚು ಹಾಕಿದಾಗ ನುಣುಪು ಕಾಗದ ಬಳಸಿದ, ಅಚ್ಚಾದ ಹಾಳೆಗಳನ್ನು ಬಿಸಿ ತಗಡುಗಳ ನಡುವೆ ಒತ್ತಿದ. ಕಾಗದ ನುಣುಪಾದಂತೆ ಗೆರೆ ತೆಳುವಾಯಿತು. ಅದೇ ಶತಮಾನದ ಕೊನೆಗೆ ಇಟಲಿಯ ಪಾರ್ಮಾದಲ್ಲಿ ಬೊಡೋನಿ ಎಂಬ ಮುದ್ರಕನ ಕೈಯಲ್ಲಿ ಆ ಗೆರೆ ಕೂದಲೆಳೆಯಷ್ಟಾಯಿತು, ಪಾದ ಬಾಗುವುದನ್ನು ಬಿಟ್ಟು ನೇರವಾಗಿ ನಿಂತಿತು. 1932ರಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಗಾಗಿ ಟೈಮ್ಸ್ ನ್ಯೂ ರೋಮನ್ ಬಂದಾಗ ದಾರಿ ತಿರುಗಿತು. ದಿನಪತ್ರಿಕೆಯ ವೇಗ, ಕಡಿಮೆ ಜಾಗ, ಸಣ್ಣ ಗಾತ್ರ ಎಲ್ಲವನ್ನೂ ತಾಳಬೇಕಾದ್ದರಿಂದ ಗೆರೆ ಗಟ್ಟಿಯಾಯಿತು. ಮದುವೆ ಕಾರ್ಡಿನ ಶೀರ್ಷಿಕೆಗೆ ಬೊಡೋನಿ ಒಪ್ಪುತ್ತದೆ, ಒಳಗಿನ ವಿಳಾಸಕ್ಕೆ ಒಪ್ಪುವುದಿಲ್ಲ, ಕಾರಣ ಇಷ್ಟೇ.

ಕನ್ನಡಕ್ಕೆ ಪಾದವಿಲ್ಲ, ತಲೆಕಟ್ಟು ಇದೆ. ಇದು ಹೇಗೆ ಬಂತೆಂಬುದಕ್ಕೆ ನಮ್ಮ ಸೀಮೆಯಲ್ಲೇ ಒಳ್ಳೆಯ ಆರಂಭದ ಗುರುತಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಸಿಕ್ಕ ಅಶೋಕನ ಶಾಸನದ ಬ್ರಾಹ್ಮಿ ಅಕ್ಷರಗಳಿಗೆ ತಲೆಯಲ್ಲಿ ಏನೂ ಇಲ್ಲ, ಗೆರೆಯೆಲ್ಲ ಒಂದೇ ದಪ್ಪ. ಮುಂದಿನ ಶತಮಾನಗಳಲ್ಲಿ ಲೇಖಣಿಯನ್ನು ಇಟ್ಟ ಜಾಗದಲ್ಲಿ ಶಾಯಿ ನಿಂತು ಗೆರೆಯ ನೆತ್ತಿ ದಪ್ಪಗಾಯಿತು, ಕಲ್ಲು ಕಡೆಯುವವರು ಅದನ್ನೂ ಕಡೆದರು. ಆ ತಲೆಗುರುತೇ ಬೆಳೆದು ಕದಂಬರ ಕಾಲ, ಮಳಖೇಡದ ರಾಷ್ಟ್ರಕೂಟರ ಕಾಲಗಳನ್ನು ದಾಟಿ ಇಂದಿನ ತಲೆಕಟ್ಟು ಆಗಿದೆ. ಹುಟ್ಟಿನಿಂದ ಅದು ಸೆರಿಫ್‌ನ ದಾಯಾದಿ. ಕೆಲಸ ಮಾತ್ರ ಬೇರೆ. ಇಂಗ್ಲಿಷಿನಲ್ಲಿ ಪಾದ ತೆಗೆದರೆ ಅಕ್ಷರ ಅದೇ ಅಕ್ಷರವಾಗಿ ಉಳಿಯುತ್ತದೆ. ಕನ್ನಡದಲ್ಲಿ ತಲೆಕಟ್ಟಿನ ಜಾಗದಲ್ಲಿ ಗುಡಿಸು ಬಂದರೆ ‘ಕಿ’, ಅರ್ಧಾಕ್ಷರದ ಗುರುತು ಬಂದರೆ ‘ಕ್’. ತಲೆಕಟ್ಟು ಸ್ವರವನ್ನು ಹೊತ್ತಿದೆ. ಒಡವೆಯೆಂದು ಅದನ್ನು ತೆಗೆಯಲು ಬರುವುದಿಲ್ಲ, ಇಷ್ಟಬಂದಂತೆ ಉದ್ದ ಮಾಡಲೂ ಬರುವುದಿಲ್ಲ. ಹಾಗಾಗಿ ಇಂಗ್ಲಿಷ್ ಸೆರಿಫ್ ನೋಡಿ ಕನ್ನಡದ ಪ್ರತಿ ತುದಿಗೂ ಪಾದ ಅಂಟಿಸಿದ ಫಾಂಟ್‌ಗಳು ಓದಲು ಮುಳ್ಳುಮುಳ್ಳಾಗುತ್ತವೆ. ಕನ್ನಡ ಫಾಂಟ್ ಹೆಸರಿನಲ್ಲಿ ‘ಸೆರಿಫ್’ ಎಂದಿದ್ದರೆ ಅದರ ಅರ್ಥ ಪಾದವಿದೆ ಎಂದಲ್ಲ, ಗೆರೆಯ ದಪ್ಪ ಏರಿಳಿಯುತ್ತದೆ ಎಂದು.

ಅಕ್ಷರ ಬರೆಯುವವರ ಲೆಕ್ಕ

ವರ್ಣಮಾಲೆಯಲ್ಲಿ 49 ಅಕ್ಷರ, ಅದರಲ್ಲಿ 34 ವ್ಯಂಜನ. ಆದರೆ ಫಾಂಟ್ ಮಾಡುವವರು 49 ಚಿತ್ರ ಬರೆದು ಏಳುವಂತಿಲ್ಲ. ಪ್ರತಿ ವ್ಯಂಜನಕ್ಕೂ ಅಕಾರದ ರೂಪ, ಅರ್ಧಾಕ್ಷರ, ಗುಡಿಸಿನ ರೂಪ, ಒತ್ತು ಎಂದು ಹಿಡಿದರೆ ಅಷ್ಟಕ್ಕೇ 136 ಚಿತ್ರ. ಸ್ವರ, ಉಳಿದ ಕಾಗುಣಿತದ ಗುರುತು, ಅಂಕಿ, ಕೂಡಿ ಬರೆಯಬೇಕಾದ ವಿಶೇಷ ರೂಪಗಳು ಇದರ ಮೇಲೆ.

ಅಕ್ಷರದ ಪೂರ್ತಿ ಎತ್ತರವನ್ನು ಸಾವಿರ ಭಾಗ ಮಾಡಿಕೊಂಡರೆ ನಡೆಯುವಂಥ ಹಂಚಿಕೆ ಎಂದರೆ ತಲೆಕಟ್ಟು ಸೇರಿ ಮೂಲ ಅಕ್ಷರಕ್ಕೆ 550, ಗುಡಿಸಿನ ಸುಳಿಗೆ ಅದರ ಮೇಲೆ 150, ಒತ್ತಿಗೆ ಕೆಳಗೆ 300. ಮೊದಲು ರ ಬರೆಯಬೇಕು. ರ ಸರಿಹೋದರೆ ಠ ಆಯಿತು. ದ ಸರಿಹೋದರೆ ಧ, ಥ. ವ ಸರಿಹೋದರೆ ಮ. ಪ ಸರಿಹೋದರೆ ಫ, ಷ. ಗೆರೆ ಯಾವ ದಿಕ್ಕಿಗೆ ತಿರುಗಿದಾಗ ದಪ್ಪ, ಯಾವ ದಿಕ್ಕಿಗೆ ತೆಳು ಎಂಬುದನ್ನು ರಕಾರದಲ್ಲೇ ತೀರ್ಮಾನಿಸಿ, ಆಮೇಲೆ ಒಂದು ಅಕ್ಷರಕ್ಕೂ ಅದನ್ನು ಮುರಿಯಬಾರದು. ಅಗಲ ಮೂತಿಯ ಲೇಖಣಿಯನ್ನು ಒಂದೇ ಓರೆಯಲ್ಲಿ ಹಿಡಿದು ಬರೆದರೆ ಈ ನಿಯಮ ತಾನಾಗಿ ಬರುತ್ತದೆ. ಕಂಪ್ಯೂಟರಿನಲ್ಲಿ ನೇರವಾಗಿ ಬರೆಯುವವರು ತಪ್ಪುವುದು ಇಲ್ಲಿಯೇ. ಅ ಎಡಕ್ಕೆ ದಪ್ಪ, ಸ ಕೆಳಗೆ ದಪ್ಪ ಎಂದಾಗಿ ಸಾಲಿನಲ್ಲಿ ಕಪ್ಪು ಕಲೆಗಳು ಎದ್ದು ಕಾಣುತ್ತವೆ.

ಇನ್ನೂ ದೊಡ್ಡ ತಪ್ಪು ಒತ್ತಕ್ಷರದ್ದು. ಮೂಲ ಅಕ್ಷರವನ್ನು ಶೇ 60ಕ್ಕೆ ಕುಗ್ಗಿಸಿ ಕೆಳಗಿಟ್ಟರೆ ಒತ್ತು ಆಗುತ್ತದೆಂದು ಅನಿಸುತ್ತದೆ. ಕುಗ್ಗಿಸಿದಾಗ ಗೆರೆಯೂ ಕುಗ್ಗುತ್ತದೆ. 90 ಭಾಗದ ದಪ್ಪ ಗೆರೆ 54ಕ್ಕೆ ಇಳಿಯುತ್ತದೆ, 30ರ ತೆಳುಗೆರೆ 18ಕ್ಕೆ. ಅಚ್ಚಿನಲ್ಲಿ ‘ತತ್ತ್ವ’ ನೋಡಿದರೆ ಮೇಲಿನ ಅಕ್ಷರ ಕಪ್ಪು, ಕೆಳಗಿನದು ಬೂದಿ. ಒತ್ತುಗಳನ್ನು ಆ ಗಾತ್ರಕ್ಕೆಂದೇ ಹೊಸದಾಗಿ ಬರೆದು, ಗೆರೆಯನ್ನು ಮೂಲದ ಹತ್ತಿರಕ್ಕೆ, 75ರಿಂದ 80ರವರೆಗೆ ತರಬೇಕು. ಒಂದು ಫಾಂಟ್‌ ಹಿಂದೆ ಎಷ್ಟು ದುಡಿಮೆ ಇದೆಯೆಂದು ತಿಳಿಯಲು ಒತ್ತುಗಳನ್ನು ನೋಡಿದರೆ ಸಾಕು, ಬೇರೇನೂ ಬೇಡ.

ಠಕಾರದ ಚುಕ್ಕೆಗೂ ಒಂದು ಲೆಕ್ಕವಿದೆ. ಚುಕ್ಕೆಯ ಅಡ್ಡಳತೆ ದಪ್ಪ ಗೆರೆಗಿಂತ ಕಡಿಮೆ ಇರಬಾರದು, ಚುಕ್ಕೆಯ ಸುತ್ತ ಉಳಿಯುವ ಬಿಳಿ ಚುಕ್ಕೆಗಿಂತ ಕಿರಿದಾಗಬಾರದು. ಬೋಲ್ಡ್ ರೂಪದಲ್ಲಿ ಇವೆರಡೂ ಒಟ್ಟಿಗೆ ಸಿಗಬೇಕೆಂದರೆ ಅಕ್ಷರವನ್ನೇ ಅಗಲ ಮಾಡಬೇಕು. ಅದಕ್ಕೇ ಒಳ್ಳೆಯ ಬೋಲ್ಡ್ ಯಾವಾಗಲೂ ಸ್ವಲ್ಪ ಅಗಲವಾಗಿರುತ್ತದೆ. ಬೋಲ್ಡ್ ಇಲ್ಲದ ಫಾಂಟ್‌ಗೆ ವರ್ಡಿನಲ್ಲಿ ‘ಬಿ’ ಗುಂಡಿ ಒತ್ತಿದರೆ ತಂತ್ರಾಂಶವು ಗೆರೆಯ ಸುತ್ತ ಮಸಿ ಬಳಿದು ದಪ್ಪ ಮಾಡುತ್ತದೆ. ಹೊಟ್ಟೆ ತುಂಬುತ್ತದೆ, ಚುಕ್ಕೆ ಅಂಟಿಕೊಳ್ಳುತ್ತದೆ, ಮಠ ಮರವಾಗುತ್ತದೆ.

ತೆಳುಗೆರೆಯನ್ನು ಅಳೆಯುವ ಬಗೆ

ಇದಕ್ಕೆ ಚಿತ್ರ ಬರೆಯುವ ತಂತ್ರಾಂಶ ಕೋರಲ್‌ಡ್ರಾ ಸಾಕು. ಅಕ್ಷರದ ಗಾತ್ರವನ್ನು 283.5 ಪಾಯಿಂಟ್‌ಗೆ ಇಡಿ. ಅದು 100 ಮಿ.ಮೀ. ‘ಕ’, ‘ಠ’, ‘ಸ್ತ್ರೀ’ ಟೈಪ್ ಮಾಡಿ, ಕಂಟ್ರೋಲ್-ಕ್ಯೂ ಒತ್ತಿ ಕರ್ವ್ (ಬರಿಯ ಗೆರೆಚಿತ್ರ) ಮಾಡಿ, ಅತ್ಯಂತ ತೆಳುವಾದ ಜಾಗವನ್ನು ಅಳೆಯಿರಿ. ಎಷ್ಟು ಮಿಲಿಮೀಟರ್ ಬಂತೋ ಅದೇ ಅಕ್ಷರದ ಗಾತ್ರದಲ್ಲಿ ಆ ಗೆರೆಯ ಶೇಕಡಾವಾರು. ಒತ್ತಿನ ತೆಳುಗೆರೆಯನ್ನು ಬಿಡದೆ ಅಳೆಯಿರಿ, ಏಕೆಂದರೆ ಮೊದಲು ಸಾಯುವುದು ಅದು.

ಈಗ ಗುಣಾಕಾರ. 10 ಪಾಯಿಂಟ್ ಎಂದರೆ 3.53 ಮಿ.ಮೀ. ಶೀರ್ಷಿಕೆಗೆಂದು ಮಾಡಿದ ಫಾಂಟ್‌ನ ತೆಳುಗೆರೆ ಶೇ 2 ಇದ್ದರೆ 10 ಪಾಯಿಂಟ್‌ನಲ್ಲಿ ಅದು 0.07 ಮಿ.ಮೀ. ಪಠ್ಯಕ್ಕೆಂದು ಮಾಡಿದ ಫಾಂಟ್‌ನದು ಶೇ 4.5 ಇದ್ದರೆ 0.16 ಮಿ.ಮೀ. ಹೆಸರು, ಚೆಂದ, ಬೆಲೆ ಎಲ್ಲವನ್ನೂ ಬದಿಗಿಟ್ಟು ಈ ಎರಡು ಅಂಕಿಗಳನ್ನು ಹಿಡಿದು ಕೆಲಸದ ಮೈ ನೋಡಬೇಕು.

ಬಟರ್ ಪೇಪರ್ (ಬೆಳಕು ಹಾಯುವ ತೆಳು ಕಾಗದ) ಮೇಲೆ 600 ಡಿಪಿಐ (ಇಂಚಿಗೆ 600 ಚುಕ್ಕೆ) ಲೇಸರ್ ಪ್ರಿಂಟ್ ತೆಗೆದು ಮಿನಿ ಆಫ್‌ಸೆಟ್ ಪ್ಲೇಟ್ ಮಾಡುವ ರೂಢಿ ಇನ್ನೂ ಇದೆ. 600 ಡಿಪಿಐನಲ್ಲಿ ಒಂದು ಚುಕ್ಕೆ 0.042 ಮಿ.ಮೀ. 0.07ರ ಗೆರೆಗೆ ಒಂದೂ ಮುಕ್ಕಾಲು ಚುಕ್ಕೆಯೂ ದಕ್ಕುವುದಿಲ್ಲ. ಒಂದು ಕಡೆ ಎರಡು ಚುಕ್ಕೆ, ಇನ್ನೊಂದು ಕಡೆ ಒಂದೇ ಚುಕ್ಕೆ ಬಿದ್ದು ಗೆರೆ ಹಲ್ಲುಹಲ್ಲಾಗುತ್ತದೆ. ಪ್ಲೇಟಿಗೆ ಬೆಳಕು ಕೊಡುವಾಗ ಆ ಒಂಟಿ ಚುಕ್ಕೆಯ ಜಾಗಗಳು ತಿಂದುಹೋಗಿ ಅಕ್ಷರ ತುಂಡಾಗುತ್ತದೆ. ಪ್ರೆಸ್ಸಿನವರು ಶಾಯಿ ಹೆಚ್ಚಿಸಿ ಅದನ್ನು ತುಂಬಲು ಹೋದರೆ ದಪ್ಪ ಗೆರೆಗಳು ಉಬ್ಬಿ ಸೀಳು ಮುಚ್ಚುತ್ತದೆ. ಈ ದಾರಿಯ ಕೆಲಸಕ್ಕೆ 0.13 ಮಿ.ಮೀ.ಗಿಂತ ಕೆಳಗೆ ಹೋಗದಿರುವುದು ಕ್ಷೇಮ. ಕಂಪ್ಯೂಟರಿನಿಂದ ನೇರವಾಗಿ ಮಾಡುವ ಸಿಟಿಪಿ ಪ್ಲೇಟ್, ನುಣುಪಾದ ಆರ್ಟ್ ಪೇಪರ್ ಇದ್ದರೆ 0.1ರವರೆಗೆ ಇಳಿಯಬಹುದು. ಮ್ಯಾಪ್‌ಲಿಥೊ ಶಾಯಿ ಹೀರುವ ಕಾಗದ. ಅದರಲ್ಲಿ ತೆಳುಗೆರೆ ತುಸು ಉಬ್ಬಿ ಉಳಿದುಕೊಳ್ಳುತ್ತದೆ, ಆದರೆ ಸಣ್ಣ ಸಂದುಗಳು ಮುಚ್ಚುತ್ತವೆ.

ಕಡುಬಣ್ಣದ ಮೇಲೆ ಬಿಳಿ ಅಕ್ಷರ ಬಿಟ್ಟರೆ ಎಲ್ಲ ತಿರುವುಮುರುವು. ಹರಡುವ ಶಾಯಿ ಈಗ ಹೊರಗಿನಿಂದ ಅಕ್ಷರವನ್ನು ತಿನ್ನುತ್ತದೆ. ಮೇಲಿನ ಅಂಕಿಗಳನ್ನು ಇಮ್ಮಡಿ ಮಾಡಿಕೊಳ್ಳಿ. ಆ ಕಡುಬಣ್ಣ ನಾಲ್ಕು ಪ್ಲೇಟುಗಳಿಂದ ಕೂಡಿದ್ದಾದರೆ ಇನ್ನೂ ಕಷ್ಟ, ಒಂದು ಪ್ಲೇಟ್ 0.1 ಮಿ.ಮೀ. ಸರಿದರೂ ತೆಳುಗೆರೆಯೊಳಗೆ ಬೇರೆ ಬಣ್ಣ ನುಗ್ಗುತ್ತದೆ. ಅರಿಶಿನ ಬಣ್ಣದ ಲಗ್ನಪತ್ರಿಕೆಯಲ್ಲಿ ಕೆಂಪು ಅಕ್ಷರ ಬೇಕಾದರೆ ಮಜೆಂಟಾ ಶೇ 100, ಹಳದಿ ಶೇ 100 ಕೊಡಿ. ಎರಡೂ ತುಂಬು ಬಣ್ಣ. ಹಳದಿ ಹೇಗೂ ಹಿನ್ನೆಲೆಯಲ್ಲಿದೆ, ಆದ್ದರಿಂದ ಅಕ್ಷರದ ಅಂಚನ್ನು ಮಜೆಂಟಾ ಒಂದೇ ಹೊರುತ್ತದೆ. ಕುಂಕುಮದ ಛಾಯೆಗಾಗಿ ಶೇ 30 ಕಪ್ಪು, ಶೇ 20 ನೀಲಿ ಬೆರೆಸಿದರೆ ಅಂಚಿನಲ್ಲಿ, ತಿಳಿಬಣ್ಣ ತೋರಿಸಲು ಹಾಕುವ ಜರಡಿಯ ಚುಕ್ಕೆಗಳು ಬಂದು ತೆಳುಗೆರೆ ಮಸುಕಾಗುತ್ತದೆ.

ಸ್ಕ್ರೀನ್ ಪ್ರಿಂಟಿಂಗ್‌ಗೆ 0.2 ಮಿ.ಮೀ. ಬೇಕು. ಬಂಗಾರದ ಫಾಯಿಲ್‌ಗೆ 0.3, ಅಲ್ಲಿ ಗೆರೆಯಷ್ಟೇ ಮುಖ್ಯ ಸಂದು, ಏಕೆಂದರೆ ಬಿಸಿ ಅಚ್ಚಿನಡಿ ಫಾಯಿಲ್ ಸಂದುಗಳನ್ನು ಹಾದು ಅಂಟುತ್ತದೆ, ಠಕಾರದ ಹೊಟ್ಟೆಯೊಳಗೆ ಪೂರ್ತಿ ಬಂಗಾರ ತುಂಬುತ್ತದೆ. ಶೇ 2ರ ಚೆಂದದ ಫಾಂಟ್ ಅನ್ನು ಫಾಯಿಲ್‌ನಲ್ಲಿ ಹಾಕಲೇಬೇಕೆಂದರೆ 0.3ನ್ನು 0.02ರಿಂದ ಭಾಗಿಸಿ: 15 ಮಿ.ಮೀ., ಅಂದರೆ ಸುಮಾರು 43 ಪಾಯಿಂಟ್. ವಧೂವರರ ಹೆಸರಿಗೆ ಅಷ್ಟು ಜಾಗ ಸಿಗುತ್ತದೆ. ‘ತಮ್ಮ ಆಗಮನಾಭಿಲಾಷಿಗಳು’ ಎಂಬ ಸಾಲಿಗೆ ಸಿಗುವುದಿಲ್ಲ, ಅದಕ್ಕೆ ಬೇರೆ ಫಾಂಟ್ ಹುಡುಕಬೇಕು.

2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಬೇಳೆಯ ಚೀಲ ಬೇರೆಯೇ ಜಗತ್ತು. ನೇಯ್ದ ಪ್ಲಾಸ್ಟಿಕ್ ಚೀಲದ ಮೇಲೆ ರಬ್ಬರಿನಂಥ ಮೆತ್ತನೆಯ ಅಚ್ಚು ಒತ್ತಿದಾಗ ಅದು ಚಪ್ಪಟೆಯಾಗಿ ಗೆರೆ ಉಬ್ಬುತ್ತದೆ, ನೇಯ್ಗೆಯ ತಗ್ಗುಗಳಲ್ಲಿ ಶಾಯಿ ಕೂರುವುದಿಲ್ಲ. ಅರ್ಧ ಮಿ.ಮೀ.ಗಿಂತ ತೆಳುವಾದ ಗೆರೆಯನ್ನು ಅಲ್ಲಿ ನಂಬಬೇಡಿ. ಬ್ರ್ಯಾಂಡಿನ ಹೆಸರು ದೊಡ್ಡದಾಗಿ ತೆಳುಗೆರೆಯ ಅಕ್ಷರದಲ್ಲಿರಲಿ, ತೂಕ, ದಿನಾಂಕ, ವಿಳಾಸ ಒಂದೇ ದಪ್ಪದ ಅಕ್ಷರದಲ್ಲಿರಲಿ.

ಶಹಾಬಾದ್ ಕಲ್ಲಿನ ಮೇಲೆ ಮನೆಯ ಹೆಸರು ಕೆತ್ತಿಸುವವರು ಕೇಳಬೇಕಾದ ಪ್ರಶ್ನೆ ಗೆರೆಯ ದಪ್ಪದ್ದಲ್ಲ, ಎರಡು ಗೆರೆಗಳ ನಡುವೆ ಉಳಿಯುವ ಕಲ್ಲಿನದು. ಆ ಕಲ್ಲು ಪದರ ಪದರವಾಗಿ ಏಳುತ್ತದೆ. ‘ಶ್ರೀ’ಯಲ್ಲಿ ಮೇಲಿನ ಅಕ್ಷರಕ್ಕೂ ಕೆಳಗಿನ ರಒತ್ತಿಗೂ ನಡುವೆ 3 ಮಿ.ಮೀ. ಕಲ್ಲಾದರೂ ಉಳಿಯದಿದ್ದರೆ ಉಳಿಯ ಏಟಿಗೆ ಆ ಗೋಡೆ ಹಾರಿ ಎರಡೂ ಒಂದಾಗುತ್ತವೆ. ಬೀದರಿನ ಬಿದರಿ ಕುಸುರಿಯವರಿಗೆ ಇದು ಚೆನ್ನಾಗಿ ಗೊತ್ತು: ತಾರ್‌ಕಶಿ ಕೆಲಸದಲ್ಲಿ ಬೆಳ್ಳಿತಂತಿ ಕೂರುವಷ್ಟು ತೋಡು ಬೇಕು, ಎರಡು ತೋಡುಗಳ ನಡುವೆ ಲೋಹವೂ ಉಳಿಯಬೇಕು. ಅದೇ ಊರಿನ ಮಹಮೂದ್ ಗವಾನ್ ಮದರಸಾದ ಮೋರೆಯ ಮೇಲೆ ಹೆಂಚಿನಲ್ಲಿ ಬರೆದ ಅಕ್ಷರಗಳನ್ನು ನೋಡಿ. 1472ರ ಆ ಕೆಲಸದಲ್ಲಿ ಲೇಖಣಿಯ ದಪ್ಪ-ತೆಳು ಎರಡೂ ಇದೆ, ತೆಳುವಾದದ್ದೂ ಕೆಳಗೆ ನಿಂತವರಿಗೆ ಕಾಣುವಷ್ಟು ಅಗಲವಾಗಿದೆ.

ಮೊಬೈಲಿಗೂ ಇದೇ ಗುಣಾಕಾರ. 1080 ಪಿಕ್ಸೆಲ್ ಅಗಲದ ಆಮಂತ್ರಣ ಚಿತ್ರದಲ್ಲಿ 40 ಪಿಕ್ಸೆಲ್ ಗಾತ್ರದ ಅಕ್ಷರ ಇಟ್ಟರೆ ಶೇ 2ರ ತೆಳುಗೆರೆ 0.8 ಪಿಕ್ಸೆಲ್, ಪರದೆ ಅದನ್ನು ಬೂದಿಬಣ್ಣವಾಗಿ ತೋರಿಸುತ್ತದೆ. ವಾಟ್ಸ್ಆ್ಯಪ್ ಅದನ್ನು ಮತ್ತೆ ಕುಗ್ಗಿಸಿ ಕಳಿಸಿದಾಗ ಹಳದಿ ಮೇಲಿನ ಕೆಂಪು ಕದಡುತ್ತದೆ. ಜೆಪಿಇಜಿ ಕುಗ್ಗಿಸುವಾಗ ಬಣ್ಣದ ವಿವರವನ್ನೇ ಮೊದಲು ಬಿಡುತ್ತದೆ. ತೆಳುಗೆರೆಗೆ 2 ಪಿಕ್ಸೆಲ್ ದಕ್ಕುವಂತೆ ಗಾತ್ರ ಇಟ್ಟು, ಚಿತ್ರದ ಬದಲು ಪಿಡಿಎಫ್ ಕಳಿಸಿ.

ಸಾಲು, ಸಂದು, ಬೀದರ್‌ಗೆ

ಇಂಗ್ಲಿಷ್ ಪಠ್ಯದಲ್ಲಿ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲಂತರ ನಡೆಯುತ್ತದೆ. ಕನ್ನಡಕ್ಕೆ ಸಾಲದು. ಕೆಳಗೆ ಒತ್ತು, ಮೇಲೆ ಗುಡಿಸು ಇರುವುದರಿಂದ 11 ಪಾಯಿಂಟ್ ಅಕ್ಷರಕ್ಕೆ 16.5ರಿಂದ 18 ಕೊಡಿ. ‘ರಾಷ್ಟ್ರೀಯ’ದಂಥ ಎರಡು ಒತ್ತಿನ ಪದದ ಕೆಳಗೆ ‘ಕೀರ್ತಿ’ ಬಂದಾಗ ಮುಟ್ಟುವುದಿಲ್ಲ ಎಂದಾದರೆ ಸಾಲಂತರ ಸರಿಯಿದೆ. ವರ್ಡಿನಲ್ಲಿ ‘ಎಗ್ಸಾಕ್ಟ್‌ಲಿ’ ಎಂದು ಕಡಿಮೆ ಅಂಕಿ ಕೊಟ್ಟರೆ ಅಕ್ಷರದ ತಲೆಯೋ ಒತ್ತಿನ ತುದಿಯೋ ಕತ್ತರಿಸಿಹೋಗುತ್ತದೆ.

ಅಕ್ಷರಗಳ ನಡುವೆ ಸಂದು ಹಿಗ್ಗಿಸುವುದು ಇಂಗ್ಲಿಷ್ ದೊಡ್ಡಕ್ಷರಗಳಿಗೆ ಸೊಗಸು, ಕನ್ನಡಕ್ಕೆ ಕೇಡು. ‘ಕಾ’ದಲ್ಲಿ ಇಳಿ ಬೇರೆಯಾಗಿ ನಿಲ್ಲುತ್ತದೆ, ಅರ್ಕಾವೊತ್ತು ಮುಂದಿನ ಅಕ್ಷರದ್ದೆಂಬಂತೆ ಕಾಣುತ್ತದೆ. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನಿನ ಜಸ್ಟಿಫಿಕೇಶನ್‌ನಲ್ಲಿ ಲೆಟರ್ ಸ್ಪೇಸಿಂಗ್ ಮೂರೂ ಕಡೆ ಸೊನ್ನೆಯೇ ಇರಲಿ, ಪದಗಳ ನಡುವಿನ ಜಾಗ ಮಾತ್ರ ಹಿಗ್ಗಲಿ. ಅದೇ ತಂತ್ರಾಂಶದಲ್ಲಿ ಪ್ಯಾರಾಗ್ರಾಫ್ ಮೆನುವಿನಿಂದ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತುಗಳು ಕೆಳಗಿಳಿಯದೆ ಪಕ್ಕದಲ್ಲಿ ಉಳಿಯುತ್ತವೆ. ಫಾಂಟ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಓರೆ ಅಕ್ಷರದ ಪರಂಪರೆ ಕನ್ನಡಕ್ಕಿಲ್ಲ. ಒತ್ತಿ ಹೇಳಬೇಕಾದ ಪದಕ್ಕೆ ನಿಜವಾದ ಬೋಲ್ಡ್ ಬಳಸಿ.

ನಮ್ಮ ಊರಿನ ಹೆಸರುಗಳು ಫಾಂಟ್‌ಗೆ ಒಳ್ಳೆಯ ಪರೀಕ್ಷೆ. ಬೀದರ್, ಔರಾದ್, ಹುಮನಾಬಾದ್, ಶಹಾಬಾದ್, ಎಲ್ಲವೂ ಅರ್ಧಾಕ್ಷರದಲ್ಲಿ ಮುಗಿಯುತ್ತವೆ. ಇವುಗಳ ಮುಂದೆ ‘ಗೆ’, ‘ನಲ್ಲಿ’ ಹಚ್ಚಿದರೆ ಯುನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಏರ್ಪಾಡು) ನಿಯಮದಂತೆ ಅವು ಒತ್ತಾಗಿ ಕೂಡುತ್ತವೆ: ‘ಬೀದರ್ಗೆ’. ‘ಬೀದರ್‌ಗೆ’ ಬೇಕಾದರೆ ನಡುವೆ ಕಾಣದ ‘ನಾನ್-ಜಾಯಿನರ್’ ಇಡಬೇಕು. ವರ್ಡಿನಲ್ಲಿ 200ಸಿ ಎಂದು ಇಂಗ್ಲಿಷಿನಲ್ಲಿ ಬರೆದು ಆಲ್ಟ್-ಎಕ್ಸ್ ಒತ್ತಿದರೆ ಬರುತ್ತದೆ. ಇನ್‌ಡಿಸೈನಿನಲ್ಲಿ ವಿಶೇಷ ಅಕ್ಷರಗಳ ಮೆನುವಿನಲ್ಲಿದೆ. ‘ಸೂರ್ಯ’ವನ್ನು ಅರ್ಕಾವೊತ್ತು ಬಿಟ್ಟು ‘ಸೂರ‍್ಯ’ ಎಂದು ಬರೆಯಲು ರಕಾರದ ಬೆನ್ನಿಗೇ ‘ಜಾಯಿನರ್’ ಹಾಕಬೇಕು. ಉರ್ದು ಹೆಸರುಗಳಿಗೆ ನುಕ್ತಾ, ಅಂದರೆ ಅಕ್ಷರಕ್ಕೆ ಸೇರಿಸುವ ಚುಕ್ಕೆಗುರುತು, ಬೇಕು. ಜ಼, ಫ಼ ಬರೆದಾಗ ನುಕ್ತಾ ಕಾಣದ, ಇಲ್ಲವೇ ಒತ್ತಿನ ಮೇಲೆ ಬೀಳುವ ಫಾಂಟ್‌ ಕಲಬುರಗಿಯ ಕೆಲಸಕ್ಕೆ ಪೂರ್ತಿ ಒದಗುವುದಿಲ್ಲ.

ಹಳೆಯ ನುಡಿ, ಶ್ರೀಲಿಪಿ ಫಾಂಟ್‌ಗಳಲ್ಲಿ ಅಂದ ಏಕೆ ಕುಂದುತ್ತದೆ ಎಂಬುದಕ್ಕೂ ಲೆಕ್ಕದ ಕಾರಣವಿದೆ. ಅವುಗಳಲ್ಲಿ ಇರುವುದು ಒಂದೊಂದು ಚಿತ್ರಕ್ಕೆ ಒಂದರಂತೆ ಹೆಚ್ಚೆಂದರೆ 256 ಮನೆ. ಅಷ್ಟರಲ್ಲಿ ಎಲ್ಲ ರೂಪ ಹಿಡಿಸದೆ ಅಕ್ಷರವನ್ನು ತುಂಡುಗಳಾಗಿ ಇಟ್ಟು ಜೋಡಿಸುತ್ತಾರೆ, ದೊಡ್ಡ ಗಾತ್ರದಲ್ಲಿ ಆ ಬೆಸುಗೆ ಕಾಣುತ್ತದೆ. ಪುಟ ಜೋಡಿಸುವ ಹಳೆಯ ತಂತ್ರಾಂಶ, 2001ರ ಏಳನೇ ಆವೃತ್ತಿಗೆ ನಿಂತುಹೋದ ಪೇಜ್‌ಮೇಕರ್‌ಗೆ ಯುನಿಕೋಡ್ ತಿಳಿಯದು, ಆದ್ದರಿಂದ ಅದರಲ್ಲಿ ಕೆಲಸ ಮಾಡುವವರೆಗೆ ಹೊಸ ಫಾಂಟ್‌ಗಳ ಬಾಗಿಲು ತೆರೆಯುವುದಿಲ್ಲ.

ಉಚಿತವಾಗಿ, ಮುಕ್ತ ಪರವಾನಗಿಯಲ್ಲಿ ಸಿಗುವ ಎರಡನ್ನು ಮೊದಲು ನೋಡಿ. ಟೈರೋ ಕನ್ನಡ ಪುಸ್ತಕದ ಪಠ್ಯಕ್ಕೆ ಹದವಾದದ್ದು, ಆದರೆ ಬೋಲ್ಡ್ ಇಲ್ಲ. ನೋಟೊ ಸೆರಿಫ್ ಕನ್ನಡದಲ್ಲಿ 100ರಿಂದ 900ರವರೆಗೆ ಒಂಬತ್ತು ತೂಕಗಳಿವೆ, ಅಂದರೆ ಗೆರೆಯ ದಪ್ಪದ ಮಟ್ಟಗಳು. ಪಠ್ಯಕ್ಕೆ 400, ಮ್ಯಾಪ್‌ಲಿಥೊದಲ್ಲಿ ಶಾಯಿ ಕಡಿಮೆ ಹಿಡಿದರೆ 500, ಫ್ಲೆಕ್ಸ್‌ಗೆ 700. ಅಚ್ಚಿಗೂ ವ್ಯಾಪಾರಕ್ಕೂ ಇವನ್ನು ಬಳಸಬಹುದು, ಫಾಂಟ್ ಕಡತವನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ. ಪಕ್ಕದಲ್ಲಿ ಇಂಗ್ಲಿಷ್ ಬಂದಾಗ ಎರಡಕ್ಕೂ ಒಂದೇ ಪಾಯಿಂಟ್ ಇಡುವ ಅಭ್ಯಾಸ ಬಿಡಿ. ಕನ್ನಡದ ‘ರ’ ಮತ್ತು ಇಂಗ್ಲಿಷಿನ ಸಣ್ಣ ‘ಎಕ್ಸ್’ ಕಣ್ಣಿಗೆ ಸಮ ಕಾಣುವವರೆಗೆ ಇಂಗ್ಲಿಷಿನ ಗಾತ್ರವನ್ನು ಅರ್ಧ ಅರ್ಧ ಪಾಯಿಂಟ್ ಸರಿಸುತ್ತ ಹೋಗಿ.

ಪ್ಲೇಟಿಗೆ ಕೊಡುವ ಮುನ್ನ ಕರ್ವ್ ಮಾಡದ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿ. ಕರ್ವ್ ಆದ ಮೇಲೆ ಮುಹೂರ್ತದ ವೇಳೆ ತಿದ್ದಲು ಬರುವುದಿಲ್ಲ. ಆಮೇಲೆ ಕೆಲಸ ಅಚ್ಚಾಗುವ ಕಾಗದದ ಮೇಲೆಯೇ, ಅಚ್ಚಾಗುವ ಗಾತ್ರದಲ್ಲಿಯೇ ಈ ಪದಗಳ ಒಂದು ಸಾಲು ತೆಗೆಯಿರಿ: ಮಠ, ರಥ, ಧನ, ಶ್ರೀ, ಸ್ತ್ರೀ, ರಾಷ್ಟ್ರೀಯ, ಜ್ಞಾನ, ತತ್ತ್ವ, ಬೀದರ್‌ಗೆ. ಮನೆಯ ಕನ್ನಡಕದ ಹಿರಿಯರ ಕೈಗೆ ಕೊಟ್ಟು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಓದಿಸಿ. ಅವರು ಎಲ್ಲಿ ತಡವರಿಸಿದರೋ ಆ ಸಾಲಿನ ಗಾತ್ರವನ್ನು ಒಂದು ಪಾಯಿಂಟ್ ಏರಿಸಿ ಮತ್ತೊಮ್ಮೆ ತೆಗೆಯಿರಿ.